ಅಕ್ಟೋಬರ್ 7ಕ್ಕೆ ಹಮಾಸ್ ಹೊಣೆ, ಸರಿ. ಆಮೇಲೆ ಗಾಜಾದಲ್ಲಿ ಸತ್ತವರಿಗೆ ಯಾರು ಹೊಣೆ?

ತುಂಗಾತೀರ (ಚರ್ಚೆ ಆರಂಭಿಸಿದವರು)

ನೇರವಾಗಿ ವಿಷಯಕ್ಕೆ ಬರುತ್ತೇನೆ. 2023ರ ಅಕ್ಟೋಬರ್ 7ರ ಬೆಳಿಗ್ಗೆ, ಗಾಜಾವನ್ನು ಆಳುತ್ತಿದ್ದ ಹಮಾಸ್ ಬೇಲಿ ಒಡೆದು ಇಸ್ರೇಲಿನೊಳಗೆ ನುಗ್ಗಿತು. ಸುಮಾರು 1,200 ಜನ ಸತ್ತರು. 251 ಜನರನ್ನು ಒತ್ತೆಯಾಳುಗಳಾಗಿ ಎಳೆದುಕೊಂಡು ಹೋದರು. ಸತ್ತವರಲ್ಲಿ ಹೆಚ್ಚಿನವರು ಸೈನಿಕರಲ್ಲ. ನೋವಾ ಸಂಗೀತ ಉತ್ಸವಕ್ಕೆ ಬಂದಿದ್ದ ಹುಡುಗ ಹುಡುಗಿಯರು, ಬೇರಿ, ನಿರ್ ಓಜ್, ಕ್ಫಾರ್ ಅಜಾದಂಥ ಊರುಗಳಲ್ಲಿ ಮನೆಯೊಳಗೇ ಇದ್ದ ಅಜ್ಜ ಅಜ್ಜಿಯರು, ಮಕ್ಕಳು. ಇದಕ್ಕೆ ಹಮಾಸ್ ಹೊಣೆ. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಆಮೇಲೆ ಎರಡು ವರ್ಷ ಗಾಜಾದ ಮೇಲೆ ಬಾಂಬ್ ಬಿತ್ತು. ಗಾಜಾ ಅಂದರೆ 365 ಚದರ ಕಿಲೋಮೀಟರ್, ಬಿಬಿಎಂಪಿ ಇದ್ದಾಗಿನ ಬೆಂಗಳೂರಿನ ಅರ್ಧದಷ್ಟು ಜಾಗ. ಅಲ್ಲಿ 20 ಲಕ್ಷಕ್ಕೂ ಜಾಸ್ತಿ ಜನ. 2025ರ ಅಕ್ಟೋಬರಿನಲ್ಲಿ ಕದನ ವಿರಾಮ ಆಗುವಷ್ಟರಲ್ಲಿ ಸತ್ತವರು 67,000 ದಾಟಿದ್ದರು ಎಂದು ಗಾಜಾದ ಆರೋಗ್ಯ ಸಚಿವಾಲಯ ಹೇಳುತ್ತದೆ.

ನಮ್ಮಲ್ಲಿ ಈ ಮಾತು ಬಂದಾಗಲೆಲ್ಲ ಎರಡು ವಾದ ಕೇಳಿಸುತ್ತದೆ. ಒಂದು, ಶುರು ಮಾಡಿದ್ದು ಹಮಾಸ್, ಹಾಗಾಗಿ ಮುಂದಿನ ಪ್ರತಿ ಸಾವೂ ಅದರ ತಲೆಗೇ. ಇನ್ನೊಂದು, 1948ರಲ್ಲಿ ಇಸ್ರೇಲ್ ಹುಟ್ಟಿದಾಗಿನಿಂದ ಪ್ಯಾಲೆಸ್ತೀನಿಯರಿಗೆ ಅನ್ಯಾಯ ಆಗಿದೆ, ಹಾಗಾಗಿ ಅಕ್ಟೋಬರ್ 7 ಆಗಲೇಬೇಕಿತ್ತು. ನನಗೆ ಎರಡೂ ಒಂದೇ ವಾದ ಅನ್ನಿಸುತ್ತದೆ. ಎರಡರಲ್ಲೂ ಕೊಂದವನು ತನ್ನ ಕೈ ತೊಳೆದುಕೊಂಡು ಎದುರಿನವನನ್ನು ತೋರಿಸುತ್ತಾನೆ. ಟ್ರಿಗರ್ ಒತ್ತಿದವನು ತಾನು ಕೊಂದವರಿಗೆ ಹೊಣೆ, ಬಾಂಬ್ ಹಾಕಿದವನು ತನ್ನ ಬಾಂಬಿಗೆ ಹೊಣೆ. ನನ್ನ ನಿಲುವು ಇಷ್ಟೇ.

ನನ್ನ ಪ್ರಶ್ನೆ: ಅಕ್ಟೋಬರ್ 8ರಂದು ಇಸ್ರೇಲ್ ಏನು ಮಾಡಬಹುದಿತ್ತು? ಸುಮ್ನೆ ಕೂರಲು ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು?

ಹಳೇ ಮೈಸೂರು

ನಿಮ್ಮ ಪ್ರಶ್ನೆಯಲ್ಲೇ ತೊಂದರೆ ಇದೆ. ಹಮಾಸ್ ಒಂದು ಸೈನ್ಯದ ಹಾಗೆ ಮೈದಾನಕ್ಕೆ ಬಂದು ನಿಂತಿದ್ದರೆ ಇಸ್ರೇಲ್ ಅಲ್ಲೇ ಹೊಡೆಯುತ್ತಿತ್ತು. ಅವರು ಅಡಗಿದ್ದು ಮನೆಗಳ ಕೆಳಗೆ, ಶಾಲೆಗಳ ಕೆಳಗೆ, ಆಸ್ಪತ್ರೆಗಳ ಕೆಳಗೆ. ನೂರಾರು ಕಿಲೋಮೀಟರ್ ಸುರಂಗ ತೋಡಿದರು. ಅದರಲ್ಲಿ ಒಬ್ಬ ಸಾಮಾನ್ಯ ಗಾಜಾದವನಿಗೂ ಜಾಗ ಇಲ್ಲ. ಹಮಾಸ್ ನಾಯಕ ಮೂಸಾ ಅಬು ಮರ್ಜೂಕ್ ಅದನ್ನು ಟಿವಿಯಲ್ಲೇ ಹೇಳಿದರು. ಸುರಂಗ ಇರುವುದು ಹೋರಾಟಗಾರರನ್ನು ಕಾಪಾಡಲು, ಜನರನ್ನು ನೋಡಿಕೊಳ್ಳುವುದು ವಿಶ್ವಸಂಸ್ಥೆಯ ಕೆಲಸ ಎನ್ನುವ ಅರ್ಥದಲ್ಲಿ. ಗಾಜಿ ಹಮದ್ ಎಂಬ ಇನ್ನೊಬ್ಬ ನಾಯಕ ಅಕ್ಟೋಬರ್ 7ರಂಥದ್ದನ್ನು ಮತ್ತೆ ಮತ್ತೆ ಮಾಡುತ್ತೇವೆ ಎಂದರು. ಹೀಗೆ ಹೇಳುವವರ ಪಕ್ಕದಲ್ಲಿ ನೀವು ಬದುಕುತ್ತೀರಾ?

ತನ್ನ ಜನರನ್ನು ತಾನೇ ಗುರಾಣಿ ಮಾಡಿಕೊಂಡವನು ಆ ಸಾವಿಗೆ ಹೊಣೆ ಅಲ್ಲವೇ? ನಮ್ಮ 26/11 ನೆನಪಿಸಿಕೊಳ್ಳಿ. ಮುಂಬೈಯ ನಾರಿಮನ್ ಹೌಸ್‌ನಲ್ಲಿ ಯಹೂದಿಗಳನ್ನೂ ಹುಡುಕಿ ಕೊಂದರು.

ಬಿಸಿಲೂರು

26/11ರಲ್ಲಿ 166 ಜನ ಸತ್ತರು. ಆಮೇಲೆ ಭಾರತ ಕರಾಚಿಯ ಮೇಲೆ ಬಾಂಬ್ ಹಾಕಲಿಲ್ಲ. ಕಸಬ್‌ನನ್ನು ಕೋರ್ಟಿಗೆ ನಿಲ್ಲಿಸಿತು, ವಕೀಲರನ್ನು ಕೊಟ್ಟಿತು, ಆಮೇಲೆ ಗಲ್ಲಿಗೆ ಹಾಕಿತು.

ಹಳೇ ಮೈಸೂರು

@ಬಿಸಿಲೂರು ಅದರಿಂದ ಏನಾಯಿತು? ಉರಿ, ಪುಲ್ವಾಮಾ, ಪಹಲ್ಗಾಮ್. ಕೊನೆಗೆ 2025ರ ಮೇನಲ್ಲಿ ಹೊಡೆಯಲೇಬೇಕಾಯಿತು.

ಬಿಸಿಲೂರು

ಹೊಡೆದರು, ನಾಲ್ಕು ದಿನಕ್ಕೆ ನಿಲ್ಲಿಸಿದರು. ಎರಡು ವರ್ಷ ಒಂದು ಊರಿಗೆ ಅನ್ನ ನೀರು ನಿಲ್ಲಿಸಲಿಲ್ಲ.

ನಿರ್ವಾಹಕ

ಭಾರತ ಪಾಕಿಸ್ತಾನ ಚರ್ಚೆಗೆ ಬೇರೆ ಜಾಗ ಇದೆ. ಇಲ್ಲಿ ಗಾಜಾ ಬಗ್ಗೆ ಮಾತಾಡೋಣ. ಇನ್ನೊಂದು ಮಾತು, ಯಾವುದೇ ಧರ್ಮದವರನ್ನು ಸಾರಾಸಗಟಾಗಿ ಬೈದ ಪೋಸ್ಟ್ ಉಳಿಯುವುದಿಲ್ಲ. ಈಗಾಗಲೇ ಎರಡನ್ನು ತೆಗೆದಿದ್ದೇನೆ.

ಕುಡ್ಲದ ಮಗಳು

ನನ್ನ ದೊಡ್ಡಮ್ಮನ ಮಗಳು ಅಷ್ಕೆಲಾನ್‌ನಲ್ಲಿ ಕೇರ್‌ಗಿವರ್. ನಮ್ಮ ಕಡೆ ಮಂಗಳೂರು, ಉಡುಪಿಯಿಂದ ಇಸ್ರೇಲಿಗೆ ಹೋದವರು ತುಂಬಾ ಜನ ಇದ್ದಾರೆ. ಹೆಚ್ಚಿನವರು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾರೆ. ಅಷ್ಕೆಲಾನ್ ಗಾಜಾಕ್ಕೆ ತೀರಾ ಹತ್ತಿರ. ಸೈರನ್ ಆದ ಮೇಲೆ ಶೆಲ್ಟರ್ ಒಳಗೆ ಹೋಗಲು ಒಂದು ನಿಮಿಷವೂ ಸಿಗುವುದಿಲ್ಲ. ನನ್ನ ಅಕ್ಕ ನೋಡಿಕೊಳ್ಳುವ ಅಜ್ಜಿಗೆ ನಡೆಯಲು ಆಗುವುದಿಲ್ಲ. ಅವರನ್ನು ಬಿಟ್ಟು ತಾನೊಬ್ಬಳೇ ಓಡುವುದು ಹೇಗೆ? ಇಬ್ಬರೂ ಹಾಸಿಗೆಯ ಪಕ್ಕ ಗೋಡೆಗೆ ಒರಗಿ ಕೂರುತ್ತಾರಂತೆ. 2021ರ ಮೇ ತಿಂಗಳಲ್ಲಿ ಅದೇ ಊರಲ್ಲಿ ರಾಕೆಟ್ ಬಿದ್ದು ಕೇರಳದ ಒಬ್ಬ ಕೇರ್‌ಗಿವರ್ ಸತ್ತಳು. ಆ ದಿನದಿಂದ ದೊಡ್ಡಮ್ಮನಿಗೆ ಸರಿಯಾಗಿ ನಿದ್ದೆ ಇಲ್ಲ.

ಅಕ್ಟೋಬರ್ 7ರಂದು ಅಲುಮಿಮ್ ಎಂಬ ಕಿಬ್ಬುತ್ಸ್‌ನಲ್ಲಿ (ಕೃಷಿ ಮಾಡುವ ಸಾಮೂಹಿಕ ಊರು) 10 ನೇಪಾಳಿ ವಿದ್ಯಾರ್ಥಿಗಳನ್ನು ಕೊಂದರು. ಕೃಷಿ ಕಲಿಯಲು ಹೋದ ಹುಡುಗರು ಅವರು. ಥಾಯ್ಲೆಂಡಿನ ಕೂಲಿಯವರನ್ನು ಕೊಂದರು, ಹೊತ್ತುಕೊಂಡು ಹೋದರು. ಆ ಬಡಪಾಯಿಗಳಿಗೂ ಪ್ಯಾಲೆಸ್ತೀನ್ ಜಗಳಕ್ಕೂ ಏನು ಸಂಬಂಧ? ಇದನ್ನು ವಿಮೋಚನೆ, ಹೋರಾಟ ಅಂತ ಕರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹಾಗಂತ ಗಾಜಾದ ಮಕ್ಕಳ ಫೋಟೋ ನೋಡಿ ಅಕ್ಕನೂ ಅಳುತ್ತಾಳೆ, ಅವಳ ಅಜ್ಜಿಯೂ ಅಳುತ್ತಾರೆ. ಅದನ್ನೂ ಹೇಳಬೇಕಲ್ವಾ.

ಕಪ್ಪುಕೋಟು

@ಹಳೇ ಮೈಸೂರು ಸರ್, ಗುರಾಣಿಯ ಮಾತಿಗೆ ಉತ್ತರ ಕೊಡುತ್ತೇನೆ. ನಾನು ಕಾನೂನು ಓದುತ್ತಿದ್ದೇನೆ, ಯುದ್ಧದ ಕಾನೂನು ನನ್ನ ಆಸಕ್ತಿಯ ವಿಷಯ.

ಜನರನ್ನು ಗುರಾಣಿ ಮಾಡಿಕೊಳ್ಳುವುದು ಯುದ್ಧಾಪರಾಧ. ಹಮಾಸ್ ಅದಕ್ಕೆ ಹೊಣೆ. ಒತ್ತೆ ಇಟ್ಟುಕೊಳ್ಳುವುದೂ ಯುದ್ಧಾಪರಾಧ. ಆದರೆ ಎದುರಿನವನು ನಿಯಮ ಮುರಿದ ಅಂತ ನನ್ನ ಮೇಲಿನ ನಿಯಮ ಬಿದ್ದು ಹೋಗುವುದಿಲ್ಲ. ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೋಕಾಲ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಇಸ್ರೇಲ್ ಅದಕ್ಕೆ ಸಹಿ ಮಾಡಿಲ್ಲ, ಭಾರತವೂ ಅದರಲ್ಲಿಲ್ಲ. ಆದರೂ ಅದರ ಮುಖ್ಯ ನಿಯಮಗಳು ಎಲ್ಲ ದೇಶಗಳಿಗೂ ಅನ್ವಯ ಎಂದೇ ಒಪ್ಪಲಾಗಿದೆ.

ಇನ್ನು ಎಷ್ಟು ಹೊಡೆಯಬಹುದು ಎನ್ನುವ ಪ್ರಶ್ನೆ. ಇದರಲ್ಲಿ ಎರಡೂ ಕಡೆಯವರು ತಪ್ಪಾಗಿ ಮಾತಾಡುತ್ತಾರೆ. ಇಲ್ಲಿ 1,200, ಅಲ್ಲಿ 67,000, ಹಾಗಾಗಿ ಅತಿಯಾಯಿತು ಎನ್ನುವುದು ಕಾನೂನಿನ ಲೆಕ್ಕ ಅಲ್ಲ. ಪ್ರತಿಯೊಂದು ದಾಳಿಯನ್ನೂ ಬೇರೆ ಬೇರೆಯಾಗಿ ನೋಡಬೇಕು. ಬಾಂಬ್ ಹಾಕುವ ಮುಂಚೆ ಸೇನಾಧಿಕಾರಿಗೆ ಏನು ಗೊತ್ತಿತ್ತು, ಎಷ್ಟು ಸಾಮಾನ್ಯ ಜನ ಸಾಯಬಹುದು ಅಂದುಕೊಂಡಿದ್ದ, ಅದರಿಂದ ನೇರವಾಗಿ ಸಿಗುವ ಸೇನಾ ಲಾಭ ಏನು. ಲಾಭಕ್ಕಿಂತ ಹಾನಿ ಅತಿಯಾಗುತ್ತದೆ ಅಂತ ಗೊತ್ತಿದ್ದರೆ ಹೊಡೆಯುವಂತಿಲ್ಲ.

ಒಂದು ಉದಾಹರಣೆ. 2024ರ ಜುಲೈ 13, ಅಲ್-ಮವಾಸಿ. ಇಸ್ರೇಲ್ ತಾನೇ ಸುರಕ್ಷಿತ ಜಾಗ ಎಂದು ಗುರುತಿಸಿ ಜನರನ್ನು ಕಳಿಸಿದ್ದ ಪ್ರದೇಶ ಅದು. ಅಲ್ಲಿ ಮೊಹಮ್ಮದ್ ಡೈಫ್ ಇದ್ದಾನೆ ಎಂದು ದೊಡ್ಡ ಬಾಂಬ್‌ಗಳನ್ನು ಹಾಕಿದರು. ಕನಿಷ್ಠ 90 ಜನ ಸತ್ತರು ಎಂದು ಗಾಜಾದ ಆರೋಗ್ಯ ಸಚಿವಾಲಯ ಹೇಳಿತು. ಡೈಫ್ ಅಕ್ಟೋಬರ್ 7ರ ಯೋಜನೆ ಮಾಡಿದವರಲ್ಲಿ ಮುಖ್ಯ. ಅವನು ಸತ್ತದ್ದು ನಿಜ ಎಂದು 2025ರ ಜನವರಿಯಲ್ಲಿ ಹಮಾಸ್ ಕೂಡ ಒಪ್ಪಿತು. ಈಗ ಹೇಳಿ, ಅವನಂಥ ಒಬ್ಬನಿಗಾಗಿ ಟೆಂಟ್‌ಗಳಲ್ಲಿದ್ದ ಅಷ್ಟು ಜನ? ನನ್ನ ಉತ್ತರ, ಇಲ್ಲ. ಆ ಜನರನ್ನು ಅಲ್ಲಿಗೆ ಕಳಿಸಿದವರೇ ನೀವು.

ಹಳೇ ಮೈಸೂರು

ನನ್ನ ಉತ್ತರ, ಹೌದು. ಅವನು ಬದುಕಿದ್ದರೆ ಮುಂದಿನ ಅಕ್ಟೋಬರ್ 7 ಮಾಡುತ್ತಿದ್ದ. ಟೆಂಟ್‌ಗಳ ನಡುವೆ ಹೋಗಿ ಕೂತಿದ್ದು ಅವನ ಆಯ್ಕೆ. ಇಸ್ರೇಲ್ ಅವನನ್ನು ಅಲ್ಲಿಗೆ ಕಳಿಸಲಿಲ್ಲ.

ಸಂಜೆಮಲ್ಲಿಗೆ

ಅವನ ಆಯ್ಕೆಗೆ ಪಕ್ಕದ ಟೆಂಟಿನ ಮಗು ಯಾಕೆ ಸಾಯಬೇಕು?

ಮೇಷ್ಟ್ರು

ಎಲ್ಲರೂ ಅಕ್ಟೋಬರ್ 7ರಿಂದ ಶುರು ಮಾಡುತ್ತಿದ್ದೀರಿ. ಸ್ವಲ್ಪ ಹಿಂದೆ ಹೋಗೋಣ. ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವನು ನಾನು, ಉದ್ದ ಆದರೆ ತಾಳಿಕೊಳ್ಳಿ.

ಗಾಜಾದ ಹೆಚ್ಚಿನ ಜನ ಮೂಲತಃ ಗಾಜಾದವರಲ್ಲ. 1948ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಊರು ಬಿಟ್ಟರು ಅಥವಾ ಅವರನ್ನು ಓಡಿಸಲಾಯಿತು. ಅವರಲ್ಲಿ ಒಂದು ಪಾಲು ಗಾಜಾ ಸೇರಿತು. ಜಬಾಲಿಯಾ, ನುಸೈರಾತ್, ಖಾನ್ ಯೂನಿಸ್ ಶಿಬಿರಗಳು ಹಾಗೆ ಹುಟ್ಟಿದವು. 1967ರಲ್ಲಿ ಇಸ್ರೇಲ್ ಗಾಜಾ ಹಿಡಿಯಿತು. 2005ರಲ್ಲಿ ಪ್ರಧಾನಿ ಏರಿಯಲ್ ಶರೋನ್ ಅಲ್ಲಿದ್ದ 21 ಯಹೂದಿ ವಸಾಹತುಗಳನ್ನು ತೆರವು ಮಾಡಿಸಿ ಸೈನ್ಯ ಹಿಂತೆಗೆದರು. 2006ರ ಜನವರಿ ಚುನಾವಣೆಯಲ್ಲಿ 132ರಲ್ಲಿ 74 ಸ್ಥಾನ ಹಮಾಸ್‌ಗೆ ಬಂತು. ಮತದ ಪಾಲು ಸುಮಾರು ಶೇ 44 ಮಾತ್ರ. 2007ರ ಜೂನ್‌ನಲ್ಲಿ ಎದುರಾಳಿ ಪ್ಯಾಲೆಸ್ತೀನಿ ಪಕ್ಷ ಫತಾದವರನ್ನು ಬಂದೂಕಿನಿಂದ ಓಡಿಸಿ ಹಮಾಸ್ ಗಾಜಾವನ್ನು ಪೂರ್ತಿ ಹಿಡಿಯಿತು. ಆಗಿನಿಂದ ಇಸ್ರೇಲ್ ಮತ್ತು ಈಜಿಪ್ಟ್ ಸೇರಿ ದಿಗ್ಬಂಧನ ಹಾಕಿವೆ. ಈಜಿಪ್ಟ್ ಹೆಸರನ್ನು ಯಾರೂ ಹೇಳುವುದಿಲ್ಲ, ಆದರೆ ರಫಾ ಗೇಟಿನ ಆ ಬದಿಯ ಕೀಲಿ ಅವರ ಕೈಯಲ್ಲಿತ್ತು.

ಆಮೇಲಿನ ಸರಣಿ ನೋಡಿ. 2008ರ ಡಿಸೆಂಬರಿನಿಂದ 2009ರ ಜನವರಿಯವರೆಗೆ ಒಂದು ಯುದ್ಧ, ಸುಮಾರು 1,400 ಪ್ಯಾಲೆಸ್ತೀನಿಯರು, 13 ಇಸ್ರೇಲಿಗಳು. 2012ರಲ್ಲಿ ಮತ್ತೆ. 2014ರಲ್ಲಿ ಏಳು ವಾರ, 2,100ಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು, ಇಸ್ರೇಲ್ ಕಡೆ 70ಕ್ಕೂ ಹೆಚ್ಚು, ಅವರಲ್ಲಿ ಬಹುತೇಕರು ಸೈನಿಕರು. 2021ರಲ್ಲಿ ಮತ್ತೆ. ಪ್ರತಿ ಸಲವೂ ಹಮಾಸ್‌ಗೆ ಪಾಠ ಕಲಿಸಿದ್ದೇವೆ ಎಂದು ಇಸ್ರೇಲ್ ಹೇಳಿತು, ನಾವು ಗೆದ್ದೆವು ಎಂದು ಹಮಾಸ್ ಹೇಳಿತು. ನಡುವೆ 2018ರಿಂದ ಕತಾರಿನ ನಗದು ಸೂಟ್‌ಕೇಸ್‌ಗಳಲ್ಲಿ ಗಾಜಾಕ್ಕೆ ಹೋಗಲು ನೆತನ್ಯಾಹು ಸರ್ಕಾರವೇ ಅನುಮತಿ ಕೊಟ್ಟಿತು. ಹಮಾಸ್ ಗಾಜಾದಲ್ಲಿ, ಪ್ಯಾಲೆಸ್ತೀನ್ ಪ್ರಾಧಿಕಾರ ಪ್ಯಾಲೆಸ್ತೀನಿಯರ ಇನ್ನೊಂದು ಪ್ರದೇಶವಾದ ವೆಸ್ಟ್ ಬ್ಯಾಂಕಿನ ರಮಲ್ಲಾದಲ್ಲಿ, ಹೀಗೆ ಇಬ್ಭಾಗ ಆಗಿರುವಷ್ಟು ದಿನ ಪ್ರತ್ಯೇಕ ದೇಶದ ಮಾತು ಬರುವುದಿಲ್ಲ ಎಂಬ ಲೆಕ್ಕಾಚಾರ ಅದು ಎಂದು ಇಸ್ರೇಲಿನ ವಿರೋಧ ಪಕ್ಷಗಳೇ ದೂರುತ್ತವೆ. ಹೊಣೆಯ ಪಟ್ಟಿ ಬರೆಯುವಾಗ ಇದನ್ನು ಬಿಡಬಾರದು.

ನಮ್ಮೂರ ಬಸ್ಸು

ಮೇಷ್ಟ್ರೇ, ಗಾಜಾ ಬಿಟ್ಟು ಹೋದ ಮೇಲೂ ರಾಕೆಟ್ ಬಂತಲ್ಲ. ಭೂಮಿ ಕೊಟ್ಟರೆ ಶಾಂತಿ ಬರುತ್ತದೆ ಅಂತ ನಂಬಿದ್ದ ಇಸ್ರೇಲಿಗಳ ಬಾಯಿ ಮುಚ್ಚಿಸಿದ್ದು ಅದೇ. ಅದಕ್ಕೂ ಮೊದಲು ಎರಡನೇ ಇಂತಿಫಾದಾದಲ್ಲಿ, ಅಂದರೆ 2000ರ ನಂತರದ ಪ್ಯಾಲೆಸ್ತೀನಿ ದಂಗೆಯಲ್ಲಿ, ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬ್. ಸುಮಾರು ಸಾವಿರ ಇಸ್ರೇಲಿಗಳು ಸತ್ತರು. ಅಲ್ಲಿನ ಎಡಪಂಥ ಸತ್ತಿದ್ದು ಹಾಗೆ.

ಮೇಷ್ಟ್ರು

@ನಮ್ಮೂರ ಬಸ್ಸು ಅದು ನಿಜ. ಆ ವರ್ಷಗಳಲ್ಲಿ ಸುಮಾರು ಮೂರು ಸಾವಿರ ಪ್ಯಾಲೆಸ್ತೀನಿಯರೂ ಸತ್ತರು. ಶಾಂತಿಯ ಮಾತಾಡಿದ ಇಸ್ರೇಲ್ ಪ್ರಧಾನಿ ರಬೀನ್ ಅವರನ್ನು 1995ರಲ್ಲಿ ಕೊಂದಿದ್ದು ಒಬ್ಬ ಯಹೂದಿ ತೀವ್ರಗಾಮಿ. 1994ರಲ್ಲಿ ಹೆಬ್ರಾನ್ ಮಸೀದಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದ 29 ಜನರನ್ನು ಕೊಂದವನೂ ಒಬ್ಬ ವಸಾಹತುವಾಸಿ. ಶಾಂತಿಯನ್ನು ಹಾಳು ಮಾಡಲು ಎರಡೂ ಕಡೆ ಜನ ಇದ್ದರು. ಗಾಜಾ ಬಿಟ್ಟ ಮೇಲೂ ವೆಸ್ಟ್ ಬ್ಯಾಂಕಿನಲ್ಲಿ ವಸಾಹತು ಬೆಳೆಯುತ್ತಲೇ ಹೋಯಿತು. ಅಲ್ಲಿ ಹಮಾಸ್ ಆಳ್ವಿಕೆ ಇಲ್ಲ, ಆದರೂ ಬೆಳೆಯಿತು. ಇದಕ್ಕೆ ಏನು ಹೇಳುತ್ತೀರಿ?

ಅಂಕಿ ಅಂಶ

67,000 ಸಂಖ್ಯೆಯನ್ನು ಎಲ್ಲರೂ ಹಾಗೆಯೇ ನಂಬುತ್ತಿದ್ದೀರಿ. ಅದು ಹಮಾಸ್ ಕೈಯಲ್ಲಿರುವ ಸಚಿವಾಲಯದ ಲೆಕ್ಕ. ಹೋರಾಟಗಾರರೆಷ್ಟು, ಸಾಮಾನ್ಯ ಜನರೆಷ್ಟು ಎಂದು ಅವರು ಬೇರ್ಪಡಿಸಿ ಹೇಳುವುದೇ ಇಲ್ಲ.

ಕಪ್ಪುಕೋಟು

ಬೇರ್ಪಡಿಸುವುದಿಲ್ಲ, ಸರಿ. ಆದರೆ ಹೆಸರು, ವಯಸ್ಸು, ಗುರುತಿನ ಸಂಖ್ಯೆ ಸಮೇತ ಪಟ್ಟಿ ಬಿಡುತ್ತಾರೆ. ಹಿಂದಿನ ಯುದ್ಧಗಳಲ್ಲಿ ಅವರ ಲೆಕ್ಕ ವಿಶ್ವಸಂಸ್ಥೆಯ ಲೆಕ್ಕಕ್ಕೆ ಹತ್ತಿರವೇ ಇತ್ತು. ಅದನ್ನೂ ನಂಬಲ್ಲ ಅಂದರೆ ಇಸ್ರೇಲಿನ ಮಾಜಿ ಸೇನಾ ಮುಖ್ಯಸ್ಥ ಹೆರ್ಜಿ ಹಲೇವಿ ಅವರ ಮಾತು ಕೇಳಿ. ಗಾಜಾದಲ್ಲಿ ಸತ್ತವರು, ಗಾಯಗೊಂಡವರು ಸೇರಿ 2 ಲಕ್ಷಕ್ಕೂ ಹೆಚ್ಚು ಎಂದು 2025ರ ಸೆಪ್ಟೆಂಬರಿನಲ್ಲಿ ಅವರು ಹೇಳಿದ್ದು ವರದಿಯಾಗಿದೆ. ಸಚಿವಾಲಯದ ಲೆಕ್ಕವೂ ಅಷ್ಟೇ ಬರುತ್ತದೆ. ಸುಮಾರು 20,000 ಹೋರಾಟಗಾರರನ್ನು ಕೊಂದಿದ್ದೇವೆ ಎಂದು ಇಸ್ರೇಲ್ ಹೇಳಿಕೊಂಡಿತ್ತು. ಅದನ್ನು ಪೂರ್ತಿ ಒಪ್ಪಿ ಕಳೆಯಿರಿ. ಉಳಿದವರು ಯಾರು?

ಅಂಕಿ ಅಂಶ

ಉಳಿದವರಲ್ಲಿ ಹಮಾಸ್‌ನ ತಪ್ಪಿದ ರಾಕೆಟ್‌ಗಳಿಂದ ಸತ್ತವರೂ ಇದ್ದಾರೆ. ಯಾರು ಯಾರ ಕೈಯಲ್ಲಿ ಸತ್ತರು ಎಂದು ಪಟ್ಟಿ ಹೇಳುವುದಿಲ್ಲ. ಹೊರಗಿನ ಪತ್ರಕರ್ತರನ್ನು ಒಳಗೆ ಬಿಟ್ಟಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಸಂಜೆಮಲ್ಲಿಗೆ

ಬಿಡದೇ ಇದ್ದವರು ಯಾರು? ಇಸ್ರೇಲ್ ತಾನೇ? ಸೈನ್ಯದ ಜೊತೆ ಕರೆದುಕೊಂಡು ಹೋಗಿ ತೋರಿಸಿದ್ದು ಬಿಟ್ಟರೆ ವಿದೇಶಿ ಪತ್ರಕರ್ತರಿಗೆ ಎರಡು ವರ್ಷ ಪ್ರವೇಶವೇ ಇರಲಿಲ್ಲ. ಅಲ್ಲಿಂದ ವರದಿ ಮಾಡಿದವರು ಗಾಜಾದವರೇ. ಅವರಲ್ಲಿ ನೂರಾರು ಜನ ಸತ್ತರು.

ದೂರದ ಕನ್ನಡಿಗ

ನಾನಿರುವುದು ಟೊರೊಂಟೊದಲ್ಲಿ. ಇಲ್ಲಿ ನನ್ನ ಜೊತೆ ಕೆಲಸ ಮಾಡುವವರಲ್ಲಿ ಒಬ್ಬರು ಇಸ್ರೇಲಿ, ಒಬ್ಬರು ಗಾಜಾ ಮೂಲದವರು. ಇಬ್ಬರೂ ಹತ್ತಿರದವರನ್ನು ಕಳೆದುಕೊಂಡಿದ್ದಾರೆ. ಇಬ್ಬರ ಜೊತೆಯೂ ಊಟ ಮಾಡುತ್ತೇನೆ. ಅವರ ಮುಂದೆ ಹೇಳಲು ಆಗದ ಮಾತನ್ನು ನಾನು ಆನ್‌ಲೈನ್‌ನಲ್ಲೂ ಹೇಳುವುದಿಲ್ಲ ಅಂತ ನಿರ್ಧರಿಸಿದ್ದೇನೆ. ಇಲ್ಲಿ ಕೆಲವರು ಬರೆದದ್ದನ್ನು ಒಬ್ಬ ತಾಯಿಯ ಮುಂದೆ ಓದಲು ಆಗುತ್ತದಾ ನೋಡಿ.

ಒತ್ತೆಯಾಳುಗಳ ಬಗ್ಗೆ ಒಂದು ಮಾತು. ಸೈನ್ಯದ ಒತ್ತಡದಿಂದಲೇ ಅವರು ಬಿಡುಗಡೆ ಆಗುತ್ತಾರೆ ಎಂದು ನೆತನ್ಯಾಹು ಎರಡು ವರ್ಷ ಹೇಳಿದರು. ಸೈನಿಕ ಕಾರ್ಯಾಚರಣೆಯಿಂದ ಜೀವಂತ ಬಂದವರು 8 ಜನ. ಒಪ್ಪಂದಗಳಿಂದ ಜೀವಂತ ಬಂದವರು 150ಕ್ಕೂ ಹೆಚ್ಚು. 2023ರ ಡಿಸೆಂಬರಿನಲ್ಲಿ ಶುಜಾಯಿಯಾದಲ್ಲಿ ಮೂವರು ಒತ್ತೆಯಾಳುಗಳು ಹೇಗೋ ತಪ್ಪಿಸಿಕೊಂಡು, ಅಂಗಿ ಬಿಚ್ಚಿ, ಕೋಲಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಂದರು. ಅವರನ್ನು ಇಸ್ರೇಲಿ ಸೈನಿಕರೇ ಗುಂಡಿಟ್ಟು ಕೊಂದರು. ಬಿಳಿ ಬಟ್ಟೆ ಹಿಡಿದು ಬಂದವನಿಗೆ ಗುಂಡು ಹೊಡೆಯುವ ಸೈನ್ಯ ಅಲ್ಲಿನ ಪ್ಯಾಲೆಸ್ತೀನಿಯರ ಜೊತೆ ಹೇಗೆ ನಡೆದುಕೊಂಡಿರಬಹುದು? ಸತ್ತವರು ಇಸ್ರೇಲಿಗಳು ಅಂತ ಗೊತ್ತಾದ್ದರಿಂದ ಅದು ಸುದ್ದಿಯಾಯಿತು.

ಹಳೇ ಮೈಸೂರು

ಅದೇ ಎಂಟರಲ್ಲಿ ನಾಲ್ವರು 2024ರ ಜೂನ್ 8ರಂದು ನುಸೈರಾತ್‌ನಲ್ಲಿ ಸಿಕ್ಕಿದರು. ಎಲ್ಲಿದ್ದರು? ಜನ ವಾಸ ಮಾಡುವ ಅಪಾರ್ಟ್‌ಮೆಂಟ್‌ಗಳಲ್ಲಿ. ಮನೆಯೊಳಗೆ ಅಪಹರಿಸಿದವರನ್ನು ಇಟ್ಟುಕೊಂಡು, ಬಿಡಿಸಲು ಬಂದಾಗ ಗುಂಡು ಹಾರಿಸಿ, ಆಮೇಲೆ ಸತ್ತವರ ಲೆಕ್ಕ ತೋರಿಸಿದರೆ ಹೇಗೆ? ನಿಮ್ಮ ಮಗಳನ್ನು ಹೊತ್ತುಕೊಂಡು ಹೋಗಿ ಪಕ್ಕದ ಬೀದಿಯ ಮನೆಯಲ್ಲಿ ಕೂಡಿ ಹಾಕಿದರೆ ನೀವು ಬಾಗಿಲ ಹೊರಗೆ ನಿಂತು ಕಾನೂನು ಪುಸ್ತಕ ಓದುತ್ತೀರಾ?

ತುಂಗಾತೀರ

ಬಾಗಿಲು ಒಡೆಯುತ್ತೇನೆ. ಆದರೆ ಬೀದಿಗೆ ಬೀದಿಯನ್ನೇ ಸುಡಲು ನನಗೆ ಹಕ್ಕಿಲ್ಲ. ನುಸೈರಾತ್‌ನಲ್ಲಿ ಆ ದಿನ 270ಕ್ಕೂ ಹೆಚ್ಚು ಜನ ಸತ್ತರು ಎಂದು ಗಾಜಾದವರು ಹೇಳಿದರು, ಇಸ್ರೇಲ್ ನೂರಕ್ಕಿಂತ ಕಡಿಮೆ ಅಂದಿತು. ಆ ನಾಲ್ವರು ಮನೆಗೆ ಬಂದಿದ್ದು ನನಗೂ ಸಂತೋಷವೇ. ಅವರನ್ನು ಸಂತೆಯ ನಡುವಿನ ಮನೆಯಲ್ಲಿ ಇಟ್ಟಿದ್ದಕ್ಕೆ ಹಮಾಸ್ ಹೊಣೆ, ಅದನ್ನೂ ಬರೆಯುತ್ತೇನೆ. 2024ರ ಆಗಸ್ಟ್ ಕೊನೆಯಲ್ಲಿ ರಫಾದ ಸುರಂಗದಲ್ಲಿ ಆರು ಒತ್ತೆಯಾಳುಗಳನ್ನು ಹತ್ತಿರದಿಂದ ಗುಂಡಿಟ್ಟು ಕೊಂದರಲ್ಲ, ಅದು ಕೂಡ. ಆದರೆ ಹಮಾಸ್‌ನ ಪಟ್ಟಿ ಎಷ್ಟೇ ಉದ್ದ ಆದರೂ ಇಸ್ರೇಲಿನ ಪಟ್ಟಿ ಅದರಿಂದ ಅಳಿಸುವುದಿಲ್ಲ.

ನೀವು ಕಾರ್ಯಾಚರಣೆಗಳ ಬಗ್ಗೆಯೇ ಮಾತಾಡುತ್ತೀರಿ. ಅನ್ನದ ಬಗ್ಗೆ ಹೇಳಿ. 2023ರ ಅಕ್ಟೋಬರ್ 9ರಂದು ರಕ್ಷಣಾ ಮಂತ್ರಿ ಯೋವ್ ಗ್ಯಾಲಂಟ್ ಪೂರ್ಣ ಮುತ್ತಿಗೆ ಎಂದು ಘೋಷಿಸಿದರು. ಕರೆಂಟ್ ಇಲ್ಲ, ಆಹಾರ ಇಲ್ಲ, ಇಂಧನ ಇಲ್ಲ. 2025ರ ಮಾರ್ಚ್ 2ರಿಂದ ಸುಮಾರು ಹನ್ನೊಂದು ವಾರ ಒಂದು ಲಾರಿ ಹಿಟ್ಟು ಕೂಡ ಒಳಗೆ ಬಿಡಲಿಲ್ಲ. ಅದೇ ವರ್ಷ ಆಗಸ್ಟ್ 22ರಂದು ಗಾಜಾ ನಗರದ ಸುತ್ತಮುತ್ತ ಕ್ಷಾಮ ಇದೆ ಎಂದು ಹಸಿವಿನ ಮಟ್ಟ ಅಳೆಯುವ, ವಿಶ್ವಸಂಸ್ಥೆಯ ಬೆಂಬಲದ ಐಪಿಸಿ ಖಚಿತಪಡಿಸಿತು. ಹಿಟ್ಟಿನ ಮೂಟೆಯ ಕೆಳಗೆ ಯಾವ ಸುರಂಗ ಇತ್ತು?

ಗಾಳಿಮಾತು

ಹಮಾಸ್ ಆ ಹಿಟ್ಟನ್ನು ಕದ್ದು ಮಾರುತ್ತಿತ್ತು ಗುರು, ಅದಕ್ಕೇ ನಿಲ್ಲಿಸಿದ್ದು.

ಕುಡ್ಲದ ಮಗಳು

ಕದಿಯುತ್ತಾರೆ ಅಂದರೆ ಜಾಸ್ತಿ ಕಳಿಸಬೇಕು, ಕಾವಲು ಹಾಕಬೇಕು. ಎರಡು ಮಿಲಿಯನ್ ಜನಕ್ಕೆ ಊಟ ನಿಲ್ಲಿಸುವುದು ಯಾವ ಪರಿಹಾರ? ಇಸ್ರೇಲ್ ಕಡೆ ನನಗೆ ಪ್ರೀತಿ ಇದೆ, ನನ್ನ ಮನೆಯವರೇ ಅಲ್ಲಿದ್ದಾರೆ. ಆದರೆ ಈ ಒಂದು ವಿಷಯದಲ್ಲಿ ಯಾವ ಸಮರ್ಥನೆಯೂ ನನ್ನ ತಲೆಗೆ ಹೋಗುವುದಿಲ್ಲ.

ಗಾಳಿಮಾತು

ಅಲ್ಲಿನ ಜನ ಹಮಾಸ್‌ಗೆ ಓಟು ಹಾಕಿದವರು. ಅನುಭವಿಸಲಿ.

ಮೇಷ್ಟ್ರು

ಓಟು ಹಾಕಿದ್ದು 2006ರಲ್ಲಿ. ಗಾಜಾದಲ್ಲಿ ಅರ್ಧದಷ್ಟು ಜನ ಮಕ್ಕಳು. ಅವರು ಆಗ ಹುಟ್ಟಿಯೇ ಇರಲಿಲ್ಲ. ಆಮೇಲೆ ಒಂದು ಚುನಾವಣೆಯೂ ಆಗಿಲ್ಲ. 2025ರ ಮಾರ್ಚ್‌ನಲ್ಲಿ ಬೈತ್ ಲಾಹಿಯಾದಲ್ಲಿ ಜನ ಬೀದಿಗೆ ಬಂದು ಹಮಾಸ್ ತೊಲಗಲಿ ಎಂದು ಕೂಗಿದರು. ಮೇಲೆ ಬಾಂಬ್, ಎದುರಿಗೆ ಹಮಾಸ್ ಬಂದೂಕು. ಆ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕೆ ಇರುತ್ತದೆ ತಮ್ಮಾ?

ಕಪ್ಪುಕೋಟು

@ಗಾಳಿಮಾತು ಇಡೀ ಜನತೆಗೆ ಶಿಕ್ಷೆ ಕೊಡುವುದನ್ನು ನಾಲ್ಕನೇ ಜಿನೀವಾ ಒಪ್ಪಂದದ 33ನೇ ವಿಧಿ ನಿಷೇಧಿಸುತ್ತದೆ. ಇಸ್ರೇಲ್ ಅದಕ್ಕೆ ಸಹಿ ಹಾಕಿದೆ. ಇಡೀ ಜನತೆಯೇ ಹೊಣೆ ಎಂಬ ಅರ್ಥ ಬರುವಂತೆ ಅಧ್ಯಕ್ಷ ಹರ್ಜೋಗ್ ಆಡಿದ ಮಾತನ್ನು, ಗ್ಯಾಲಂಟ್ ಮಾತನ್ನು ಅಂತಾರಾಷ್ಟ್ರೀಯ ನ್ಯಾಯಾಲಯ ಇಸ್ರೇಲ್ ವಿರುದ್ಧದ ನರಮೇಧ ಮೊಕದ್ದಮೆಯ 2024ರ ಜನವರಿ 26ರ ಆದೇಶದಲ್ಲೇ ಉಲ್ಲೇಖಿಸಿತು. ತಮ್ಮ ಮಾತನ್ನು ತಿರುಚಲಾಗಿದೆ ಎಂದು ಹರ್ಜೋಗ್ ಆಮೇಲೆ ಹೇಳಿದರು. ಆ ಆದೇಶ ಕೊಟ್ಟ ಪೀಠದಲ್ಲಿ ನಮ್ಮ ದೇಶದ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಇದ್ದರು, ಬಹುಮತದ ಜೊತೆ ನಿಂತರು. ಇಸ್ರೇಲ್ ತಾನೇ ಕಳಿಸಿದ್ದ ನ್ಯಾಯಮೂರ್ತಿ ಅಹರೋನ್ ಬರಾಕ್ ಕೂಡ ಎರಡು ಕ್ರಮಗಳಿಗೆ ಒಪ್ಪಿಗೆ ಕೊಟ್ಟರು. ಪ್ರಚೋದನೆ ತಡೆಯುವುದು ಒಂದು, ನೆರವು ಒಳಗೆ ಬಿಡುವುದು ಇನ್ನೊಂದು. ಬರಾಕ್ ಹಿಟ್ಲರನ ಕಾಲದಲ್ಲಿ ಸಾವಿನಿಂದ ಪಾರಾಗಿ ಬಂದವರು. ಅವರನ್ನು ಇಸ್ರೇಲ್ ದ್ವೇಷಿ ಅನ್ನಲು ಆಗುವುದಿಲ್ಲ.

ಇದು ನರಮೇಧ ಹೌದೇ ಅಲ್ಲವೇ ಎಂದು ಆ ನ್ಯಾಯಾಲಯ ಇನ್ನೂ ತೀರ್ಮಾನ ಕೊಟ್ಟಿಲ್ಲ. ಹೌದು ಎಂದು ವಿಶ್ವಸಂಸ್ಥೆಯ ತನಿಖಾ ಆಯೋಗ 2025ರ ಸೆಪ್ಟೆಂಬರಿನಲ್ಲಿ ಹೇಳಿತು. ಇಸ್ರೇಲಿನದೇ ಮಾನವ ಹಕ್ಕು ಸಂಸ್ಥೆ ಬೆತ್ಸೆಲೆಮ್ ಅದಕ್ಕೂ ಮೊದಲೇ ಹೇಳಿತ್ತು. ಇಸ್ರೇಲ್ ಇದನ್ನು ಪೂರ್ತಿ ಅಲ್ಲಗಳೆಯುತ್ತದೆ. ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಬೇರೆ. ಅದು 2024ರ ನವೆಂಬರ್ 21ರಂದು ನೆತನ್ಯಾಹು, ಗ್ಯಾಲಂಟ್, ಡೈಫ್ ಮೂವರ ಮೇಲೂ ವಾರಂಟ್ ಹೊರಡಿಸಿತು. ಒಂದೇ ದಿನ ಎರಡೂ ಕಡೆಯವರ ಮೇಲೆ. ಹೊಣೆ ಹೊರಿಸುವ ಸರಿಯಾದ ರೀತಿ ಅದೇ ಅನ್ನಿಸುತ್ತದೆ.

ನಮ್ಮೂರ ಬಸ್ಸು

ಭಾರತ ಏನು ಮಾಡಿತು ಅಂತ ಯಾರೂ ಹೇಳಲಿಲ್ಲ.

ಬಿಸಿಲೂರು

2023ರ ಅಕ್ಟೋಬರ್ 27ರ ವಿಶ್ವಸಂಸ್ಥೆ ಮತದಾನದಲ್ಲಿ ತಟಸ್ಥ. ಡಿಸೆಂಬರ್ 12ರಂದು ಕದನ ವಿರಾಮದ ಪರ ಮತ. 1947ರಲ್ಲಿ ಪ್ಯಾಲೆಸ್ತೀನ್ ವಿಭಜನೆಯ ವಿರುದ್ಧ ಮತ ಹಾಕಿದ್ದ ದೇಶ ನಮ್ಮದು. 1988ರಲ್ಲಿ ಪ್ಯಾಲೆಸ್ತೀನನ್ನು ದೇಶ ಎಂದು ಒಪ್ಪಿಕೊಂಡೆವು, 1992ರಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಬಂತು. 2024ರ ಮೇನಲ್ಲಿ ರಫಾದಲ್ಲಿ ವಿಶ್ವಸಂಸ್ಥೆಯ ವಾಹನದ ಮೇಲೆ ದಾಳಿಯಾಗಿ ನಮ್ಮ ಸೇನೆಯ ನಿವೃತ್ತ ಕರ್ನಲ್ ಒಬ್ಬರು ಸತ್ತರು. ಟಿವಿಯಲ್ಲಿ ಒಂದು ದಿನ ಬಂತು, ಮುಗಿಯಿತು. ಆ ವಾಹನದ ಮೇಲೆ ಯುಎನ್ ಅಂತ ದೊಡ್ಡದಾಗಿ ಬರೆದಿತ್ತು.

ಕೋಟೆ ಬೀದಿ

ಸ್ವಲ್ಪ ಬೇರೆ ಮಾತು. ನಮ್ಮ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದವರು, ಜೋಧಪುರದವರ ಜೊತೆ. ಕುದುರೆ ಮೇಲೆ, ಈಟಿ ಕತ್ತಿ ಹಿಡಿದು, ತುರ್ಕರ ಮೆಷಿನ್ ಗನ್‌ಗಳ ಎದುರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಇದೆ. ಹತ್ತಿರ ಇರುವವರು ನೋಡಿ ಬನ್ನಿ.

ಮೇಷ್ಟ್ರು

ನೋಡಿದ್ದೇನೆ. ಆ ಸೈನಿಕರಿಗೆ ಅಲ್ಲಿ ಏನು ನಡೆಯುತ್ತಿದೆ ಅಂತ ಯಾರೂ ಹೇಳಿರಲಿಕ್ಕಿಲ್ಲ. ಅದಕ್ಕೆ ಒಂದು ವರ್ಷ ಮೊದಲೇ ಬ್ರಿಟನ್ ಬಾಲ್ಫೋರ್ ಘೋಷಣೆ ಮಾಡಿ ಆ ನೆಲದಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಎಂದಿತ್ತು. ಅರಬರಿಗೆ ಬೇರೆ ಮಾತು ಕೊಟ್ಟಿತ್ತು. ಹೊಣೆಯ ಪಟ್ಟಿಯಲ್ಲಿ ಬ್ರಿಟನ್ ಹೆಸರು ಮೇಲೆಯೇ ಬರಬೇಕು.

ಹಳೇ ಮೈಸೂರು

ಮೇಷ್ಟ್ರೇ, ಹೀಗೆ ಹಿಂದೆ ಹೋಗುತ್ತಾ ಹೋದರೆ ಇವತ್ತು ಯಾರಿಗೂ ಹೊಣೆ ಇಲ್ಲ ಅಂತಾಗುತ್ತದೆ. ಬಾಲ್ಫೋರ್ ಬಂದು ನೋವಾ ಉತ್ಸವದಲ್ಲಿ ಗುಂಡು ಹೊಡೆಯಲಿಲ್ಲ.

ತುಂಗಾತೀರ

ಇದನ್ನು ಪೂರ್ತಿ ಒಪ್ಪುತ್ತೇನೆ. ಹಾಗಾದರೆ ಜಬಾಲಿಯಾದ ಮೇಲೆ ಬಾಂಬ್ ಹಾಕಿದ್ದೂ ಹಮಾಸ್ ನಾಯಕ ಸಿನ್ವಾರ್ ಅಲ್ಲ. 2023ರ ಅಕ್ಟೋಬರ್ 31ರಂದು ಅಲ್ಲಿ ಒಬ್ಬ ಹಮಾಸ್ ಕಮಾಂಡರ್‌ಗಾಗಿ ಹೊಡೆದ ದಾಳಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು.

ದೂರದ ಕನ್ನಡಿಗ

ಇಸ್ರೇಲ್ ತನ್ನ ಹೊಣೆಯನ್ನು ತಾನೇ ವಿಚಾರಿಸಿಕೊಂಡ ಉದಾಹರಣೆ ಇದೆ. 1982ರ ಸೆಪ್ಟೆಂಬರಿನಲ್ಲಿ ಬೈರೂತ್‌ನ ಸಬ್ರಾ, ಶತಿಲಾ ಪ್ರದೇಶದಲ್ಲಿ ಪ್ಯಾಲೆಸ್ತೀನಿ ನಿರಾಶ್ರಿತರನ್ನು ಕೊಂದಿದ್ದು ಲೆಬನಾನಿನ ಕ್ರಿಶ್ಚಿಯನ್ ಮಿಲಿಷಿಯಾ. ಒಳಗೆ ಬಿಟ್ಟು ಹೊರಗೆ ಸುತ್ತುವರಿದು ನಿಂತಿದ್ದು ಇಸ್ರೇಲಿ ಸೈನ್ಯ. ಟೆಲ್ ಅವೀವ್‌ನಲ್ಲಿ ಭಾರೀ ಜನ ಬೀದಿಗೆ ಬಂದರು, ತನಿಖೆ ಮಾಡಿ ಎಂದರು. ಕಹಾನ್ ಆಯೋಗ ಕೂತಿತು. ನಾವು ಗುಂಡು ಹೊಡೆಯಲಿಲ್ಲ ಎಂಬ ಸಮರ್ಥನೆಯನ್ನು ಅದು ಒಪ್ಪಲಿಲ್ಲ. ಪರೋಕ್ಷ ಹೊಣೆ ಇದೆ ಎಂದಿತು, ರಕ್ಷಣಾ ಮಂತ್ರಿ ಶರೋನ್ ಮೇಲೆ ವೈಯಕ್ತಿಕ ಹೊಣೆ ಹೊರಿಸಿತು. 1983ರಲ್ಲಿ ಅವರು ಆ ಖಾತೆ ಬಿಡಬೇಕಾಯಿತು.

ಈಗ ನೋಡಿ. ಅಕ್ಟೋಬರ್ 7ರ ವೈಫಲ್ಯಕ್ಕೆ ಸೇನಾ ಗುಪ್ತಚರ ಮುಖ್ಯಸ್ಥ ಹಲೀವಾ ರಾಜೀನಾಮೆ ಕೊಟ್ಟರು, ಸೇನಾ ಮುಖ್ಯಸ್ಥ ಹಲೇವಿ ಕೊಟ್ಟರು. ನೆತನ್ಯಾಹು ಎರಡು ವರ್ಷವಾದರೂ ಸ್ವತಂತ್ರ ಆಯೋಗ ಕೂರಿಸಲಿಲ್ಲ, ಕುರ್ಚಿಯನ್ನೂ ಬಿಡಲಿಲ್ಲ. ನನ್ನ ಇಸ್ರೇಲಿ ಗೆಳೆಯನಿಗೆ ಗಾಜಾಕ್ಕಿಂತ ಹೆಚ್ಚು ಕೋಪ ಇರುವುದು ಇದರ ಮೇಲೆ. ಅದು ನನಗೆ ಬೇಸರ ತರಿಸುತ್ತದೆ, ಅವನಿಗೆ ಹೇಳಿದ್ದೇನೆ ಕೂಡ.

ಸಂಜೆಮಲ್ಲಿಗೆ

ಹಮಾಸ್ ಯಾವತ್ತಾದರೂ ತನಿಖೆ ಮಾಡಿಕೊಂಡಿದೆಯಾ?

ದೂರದ ಕನ್ನಡಿಗ

ಇಲ್ಲ. ಸಾಮಾನ್ಯ ಜನರನ್ನು ಗುರಿ ಮಾಡಿರಲಿಲ್ಲ, ಗೊಂದಲದಲ್ಲಿ ಆಯಿತು ಎಂದು ಒಂದು ಹೇಳಿಕೆ ಬಿಟ್ಟರು. ಅವರದೇ ಹುಡುಗರು ಹೆಲ್ಮೆಟ್ ಕ್ಯಾಮೆರಾದಲ್ಲಿ ತೆಗೆದ ವಿಡಿಯೋಗಳನ್ನು ಲೋಕ ನೋಡಿದೆ.

ಕುಡ್ಲದ ಮಗಳು

ಒಂದು ಪ್ರಶ್ನೆ, ಗೊತ್ತಿದ್ದವರು ಹೇಳಿ. ಯುದ್ಧ ಶುರುವಾದ ಮೇಲೆ ಪ್ಯಾಲೆಸ್ತೀನಿ ಕಾರ್ಮಿಕರ ಪರ್ಮಿಟ್ ನಿಲ್ಲಿಸಿ ಭಾರತದಿಂದ ಗಾರೆ ಕೆಲಸದವರನ್ನು, ಸೆಂಟ್ರಿಂಗ್ ಕೆಲಸದವರನ್ನು ಕರೆಸಿಕೊಂಡರಲ್ಲ. ಕರ್ನಾಟಕದಿಂದಲೂ ಹೋಗಿದ್ದಾರಾ? ನಮ್ಮ ಕಡೆಯ ಒಬ್ಬ ಹುಡುಗ ಕೇಳುತ್ತಿದ್ದಾನೆ.

ಬಿಸಿಲೂರು

ಹೆಚ್ಚು ಹೋದವರು ಹರಿಯಾಣ, ಉತ್ತರ ಪ್ರದೇಶ, ತೆಲಂಗಾಣದವರು. ಸರ್ಕಾರದ ಕಡೆಯಿಂದಲೇ ಹೋಗುವ ದಾರಿ ಇದೆ, ಏಜೆಂಟ್‌ಗೆ ದುಡ್ಡು ಕೊಡಬೇಡಿ ಅಂತ ಹೇಳಿ. ಆದರೆ ಆ ಕೆಲಸ ಕಳೆದುಕೊಂಡ ವೆಸ್ಟ್ ಬ್ಯಾಂಕಿನ ಲಕ್ಷಕ್ಕೂ ಹೆಚ್ಚು ಜನ ಅಕ್ಟೋಬರ್ 7ರಲ್ಲಿ ಏನೂ ಮಾಡಿದವರಲ್ಲ, ಇದನ್ನೂ ಅವನಿಗೆ ಹೇಳಿ.

ಹಳೇ ಮೈಸೂರು

ಇಷ್ಟು ಹೊತ್ತು ಓದಿದ ಮೇಲೆ ನನ್ನ ನಿಲುವನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಗಾಜಾ ಒಳಗೆ ಸೈನ್ಯ ಹೋಗಿದ್ದು ಸರಿ. ಸಿನ್ವಾರ್, ಡೈಫ್ ಇಬ್ಬರನ್ನೂ ಕೊಂದಿದ್ದು ಸರಿ, ಅಲ್-ಮವಾಸಿಯಲ್ಲಿ ಕೂಡ. ನುಸೈರಾತ್ ಸರಿ. ಅನ್ನ ನಿಲ್ಲಿಸಿದ್ದಕ್ಕೆ ನಾನು ವಕಾಲತ್ತು ಮಾಡುವುದಿಲ್ಲ. ಅದರಿಂದ ಒಬ್ಬ ಒತ್ತೆಯಾಳೂ ಬರಲಿಲ್ಲ, ಸುರಂಗದಲ್ಲಿದ್ದ ಅವರೂ ಹಸಿವಿನಿಂದ ಒಣಗಿ ಹೋದರು. ಒತ್ತೆಯಾಳು ಎವ್ಯಾತಾರ್ ಡೇವಿಡ್ ವಿಡಿಯೋ ನೋಡಿದವರಿಗೆ ಗೊತ್ತು. ಆದರೆ ಅವರ ಪಾಲಿನ ಊಟ ಕಿತ್ತುಕೊಂಡಿದ್ದು ಹಮಾಸ್, ಅದನ್ನೂ ಸೇರಿಸಿ ಬರೆಯಿರಿ.

ಕಪ್ಪುಕೋಟು

ಸೇರಿಸುತ್ತೇನೆ ಸರ್. ಅಲ್-ಮವಾಸಿ ಬಗ್ಗೆ ಒಪ್ಪಲು ಆಗುವುದಿಲ್ಲ. ಅಷ್ಟು ದೊಡ್ಡ ಬಾಂಬ್ ಬೇಕಿತ್ತಾ, ಬೇರೆ ದಿನಕ್ಕೆ ಕಾಯಬಹುದಿತ್ತಾ, ಸಣ್ಣ ತಂಡ ಕಳಿಸಬಹುದಿತ್ತಾ, ಇಷ್ಟನ್ನು ಹೊಡೆದವರಿಂದ ಕೇಳಬೇಕು.

ಹಳೇ ಮೈಸೂರು

ಕೇಳಲಿ. ಸಣ್ಣ ತಂಡ ಕಳಿಸಿದ್ದು ನುಸೈರಾತ್‌ಗೆ, ಅಲ್ಲಿ ಏನಾಯಿತು ಅಂತ ಮೇಲೆ ತುಂಗಾತೀರ ಅವರೇ ಬರೆದಿದ್ದಾರೆ.

ತುಂಗಾತೀರ

ನುಸೈರಾತ್‌ನಲ್ಲಿ ಜಾಸ್ತಿ ಜನ ಸತ್ತಿದ್ದು ಆ ತಂಡದ ಗುಂಡಿನಿಂದಲ್ಲ, ಅವರು ಹೊರಬರುವಾಗ ಸುತ್ತಲೂ ಮಾಡಿದ ವಿಮಾನ ದಾಳಿಯಿಂದ ಎಂದು ಬದುಕಿ ಉಳಿದವರು ಹೇಳಿದ್ದಾರೆ. ತಂಡ ಸಿಕ್ಕಿಬಿದ್ದಿತ್ತು, ಬೇರೆ ದಾರಿ ಇರಲಿಲ್ಲ ಎಂದು ಇಸ್ರೇಲ್ ಹೇಳುತ್ತದೆ. ಇದರ ಬಗ್ಗೆ ಬೇರೆ ಚರ್ಚೆ ತೆರೆಯುತ್ತೇನೆ, ಇದು ತುಂಬಾ ಉದ್ದ ಆಯಿತು. ಕಪ್ಪುಕೋಟು ಅವರೇ, ಸೈನಿಕರನ್ನು ಕಾಪಾಡಲು ಮಾಡುವ ದಾಳಿಗೆ ಕಾನೂನಿನಲ್ಲಿ ಏನು ಮಿತಿ ಇದೆ ಅಂತ ಅಲ್ಲಿ ಬರೆಯಿರಿ.